ಗರಿಗೆ ಬಿದ್ದ ಹಮೂರ್

ಗಲ್ಫ್ ನಾಡಿನ ಅಲ್ ವಕ್ರಾದ ಕಡಲಂಚು. ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ಲಾರೆನ್ಸ್ ಮೊಬೈಲ್ ನೋಡುತ್ತಿದ್ದಾರೆ. ಉಡುಪಿ ಕಡೆಯವರು, ಇಲ್ಲಿ ಆಫೀಸೊಂದರಲ್ಲಿ ಗುಮಾಸ್ತರು, ನಾನು ಉಳಿದುಕೊಂಡಿರುವುದು ಅವರ ಮನೆಯಲ್ಲೇ. ಸಿಗಡಿ ಸಿಕ್ಕಿಸದೆ ಬರೀ ಗರಿ ಕಟ್ಟಿದ ಗಾಳಕ್ಕೆ ಮೀನು ಬೀಳುತ್ತದೆಂದು ಅವರ ಹೆಂಡತಿ ಜೆಸ್ಸಿ ನಂಬುವುದಿಲ್ಲ. ಮೂರು ಶುಕ್ರವಾರ ಇವರು ಬರಿಗೈಯಲ್ಲೇ ಮರಳಿದ್ದಾರೆ.

"ಇನ್ನೂ ದೂರಕ್ಕೆ ಎಸೆಯಬಾರದೇ?" ಎಂದೆ.

"ಅಲ್ಲಿ ಬರೀ ಹೊಯ್ಗೆ ಮಾರಾಯ್ರೆ. ಬರಿ ಮರಳಲ್ಲಿ ಮೀನಿಗೆ ಎಂತ ಕೆಲ್ಸ?"

ಮೊಬೈಲಿನಲ್ಲಿ ಇದೇ ಜಾಗದ ಚಿತ್ರವಿದೆ, ಆದರೆ ನೀರೇ ಇಲ್ಲ. ಇಳಿತದ ಹೊತ್ತಿಗೆ ಗಾಳವಿಲ್ಲದೆ ಬಂದು ಬಂಡೆ, ಗುಂಡಿ, ಸಂದುಗಳನ್ನೆಲ್ಲ ಫೋಟೋ ತೆಗೆದಿಟ್ಟಿದ್ದಾರೆ. ನನಗೆ ಒಂದೇ ಸಮನೆ ಹೊಳೆಯುವ ನೀರು ಅವರಿಗೆ ಓಣಿ, ಬಾಗಿಲುಗಳಿರುವ ಕೇರಿ. ಎರಡು ಬಂಡೆಗಳ ಸಂದಿನಲ್ಲಿ ಸೆಳೆತವಿದೆ. ಸಣ್ಣ ಮೀನುಗಳು ಅದರೊಂದಿಗೆ ಬರುತ್ತವೆ, ದೊಡ್ಡದು ಮರೆಯಲ್ಲಿ ಕಾಯುತ್ತದೆ.

"ಯಲ್ಲಾ!" ಅರಬ್ಬಿಯಲ್ಲಿ ‘ನಡಿ’ ಎಂದು ಲಾರೆನ್ಸ್ ಬೀಸಿದ ಗರಿ ಸಂದಿನ ಬಾಯಿಗೇ ಬಿತ್ತು. ಕೋಲು ಬಾಗಿತು. ಆಗ ಖುಷಿಯಲ್ಲಿ ಕೂಗಿದ್ದು ನಾನೋ ಅವರೋ, ಈಗಲೇ ಗೊಂದಲ. ಬಂದದ್ದು ಹಮೂರ್, ಬಂಡೆ ಸಂದಿನಲ್ಲಿ ಅಡಗುವ ಇಲ್ಲಿನ ದೊಡ್ಡ ಮೀನು. ಅದರ ಉದ್ದ ಬರೆಯುವುದಿಲ್ಲ. ದಡ ಸೇರುವಷ್ಟರಲ್ಲೇ ಅದು ನನ್ನ ನೆನಪಿನಲ್ಲಿ ಬೆಳೆಯತೊಡಗಿತ್ತು.

ಗಾಳ ಬಿಡಿಸಲು ಕೈ ಹಾಕಿದೆ.

"ಮುಟ್ಬೇಡಿ! ಬಾಯಲ್ಲೇ ಇರ್ಲಿ. ಬಿಡಿಸಿ ತಕೊಂಡು ಹೋದ್ರೆ ಅಂಗಡಿಯದ್ದು ಅಂತಾಳೆ ಅವ್ಳು."

ಕಾರಿನಲ್ಲಿ ನನ್ನ ತೊಡೆಯ ಮೇಲೆ ಐಸ್ ಪೆಟ್ಟಿಗೆ, ಒಳಗೆ ಮೀನು, ಮೀನಿನ ಬಾಯಿಂದ ದಾರ, ದಾರದ ಕೊನೆಗೆ ಕಿಟಕಿಯಾಚೆ ಚಾಚಿದ ಕೋಲು. ಹೀಗೆ ಅಲ್ ವುಕೈರ್‌ನ ಮನೆಗೆ ಹೊರಟಿದ್ದೇವೆ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ಇಣುಕಿದರೆ ಲಾರೆನ್ಸ್ ಮುಚ್ಚಳ ತೆಗೆದು ತೋರಿಸುತ್ತಾರೆ, ಮೀನನ್ನಲ್ಲ, ಅದರ ತುಟಿಯಲ್ಲಿರುವ ಗರಿಯನ್ನು.