ಪುಟ್ಟಮ್ಮಣ್ಣಿ ಬಿಚ್ಚಿಕೊಂಡು ಹೋದ ಚಿಲಕ

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ಪುಟ್ಟಮ್ಮಣ್ಣಿ ಸ್ಕ್ರೂಡ್ರೈವರ್ ಹಿಡಿದು ಬಂದು, ನನ್ನ ರೂಮಿನ ಒಳಚಿಲಕವನ್ನು ಬಿಚ್ಚಿಕೊಂಡು ಹೋದರು. ತುಕ್ಕು ಹಿಡಿದಿದೆಯಂತೆ, ಹೊಸದು ಹಾಕಿಸುತ್ತಾರಂತೆ.

ನೋಡಿದರೆ ಚಿಲಕ ಪಳಪಳ ಹೊಳೀತಿತ್ತು. ಇದೊಳ್ಳೆ ಕತೆ ಆಯ್ತಲ್ಲ ಅಂದುಕೊಂಡೆ.

ಪುಟ್ಟಮ್ಮಣ್ಣಿ ಅಂದರೆ ಚಾಮರಾಜನಗರದಲ್ಲಿ ನಾನಿರುವ ಬಾಡಿಗೆ ರೂಮಿನ ಓನರ್. ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಅವರ ಮನೆಗೂ ನನ್ನ ರೂಮಿಗೂ ನಡುವೆ ಒಂದೇ ಗೋಡೆ, ಅದರ ಮೇಲೊಂದು ಗವಾಕ್ಷಿ. ಐದು ತಿಂಗಳಾದರೂ ನಮ್ಮ ಮಾತು ನೀರು ಬಂತಾ, ಕರೆಂಟ್ ಹೋಯ್ತಾ ಅನ್ನುವುದನ್ನು ದಾಟಿರಲಿಲ್ಲ.

ನನ್ನ ಊರು ಗದಗ. ಇಲ್ಲಿಗೆ ಬಂದಿದ್ದು ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆ ಮಾಡಲು. ವಿಷಯ, ಹದಿಹರೆಯದ ಮಕ್ಕಳ ಮಾನಸಿಕ ಆರೋಗ್ಯ ಮತ್ತು ಆತ್ಮಹತ್ಯೆ ತಡೆಯುವುದು.

ಬೆಳಗ್ಗೆ ಗುಂಡ್ಲುಪೇಟೆ ಬಸ್ಸು, ಹೈಸ್ಕೂಲು, ಮಕ್ಕಳ ಜೊತೆ ಮಾತು. ಸಂಜೆ ವಾಪಸ್ ಬಸ್ಸು. ಕೆಲವು ದಿನ ಬಸ್ಸಿನಿಂದ ಇಳಿಯಲೇ ಮನಸ್ಸಾಗುತ್ತಿರಲಿಲ್ಲ. ಇಳಿದರೆ ರೂಮು ತಾನೇ...

ದಿನವಿಡೀ ಬೇರೆಯವರನ್ನು "ಹೇಗಿದ್ದೀಯಾ" ಅಂತ ಕೇಳುವವಳು ನಾನು. ನನ್ನನ್ನು ಕೇಳುವವಳು ಅಮ್ಮ ಒಬ್ಬಳೇ, ಅದೂ ಫೋನಿನಲ್ಲಿ. ಊಟ ಆಯ್ತಾ? ಆಯ್ತು. ಅಷ್ಟೇ.

ಈ ಕೆಲಸಕ್ಕೆ ಕೊಟ್ಟ ತರಬೇತಿಯಲ್ಲಿ ನನಗೆ ಅತಿ ಕಷ್ಟವಾಗಿದ್ದು ಒಂದೇ ಒಂದು ಪ್ರಶ್ನೆ. ಸಾಯಬೇಕು ಅನ್ನಿಸುತ್ತಿದೆಯಾ ಅಂತ ಮಗುವನ್ನು ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ, ಬದಲಿಗೆ ಒಳಗಿರುವುದನ್ನು ಹೇಳಿಕೊಳ್ಳಲು ದಾರಿ ಸಿಗುತ್ತದೆ. ಇದು ನನಗೆ ಪಾಠದಂತೆ ಗೊತ್ತು. ಬಾಯಿಗೆ ಮಾತ್ರ ಬರುವುದಿಲ್ಲ!

ಆ ಭಾನುವಾರಕ್ಕೆ ಎರಡು ದಿನ ಮೊದಲು, ಗುಂಡ್ಲುಪೇಟೆಯಲ್ಲಿ ಹತ್ತನೇ ಕ್ಲಾಸಿನ ಒಬ್ಬ ಹುಡುಗಿಯ ಜೊತೆ ಮಾತಾಡಿದ್ದೆ. ಪ್ರಶ್ನೆಯ ಹತ್ತಿರ ಬಂದಾಗ ನಾಲಿಗೆ ತಡವರಿಸಿತು. "ಕೆಟ್ಟ ಯೋಚನೆ ಏನೂ ಬರಲ್ಲ ತಾನೇ?" ಅಂದುಬಿಟ್ಟೆ. ಅವಳು ಇಲ್ಲ ಮಿಸ್ ಅಂದಳು. ನನಗೂ ಅಬ್ಬಾ ಅನ್ನಿಸಿತು.

ಶನಿವಾರ ಮಧ್ಯಾಹ್ನ ನನ್ನ ಗೈಡ್ ಮೇಡಂ ಆ ಮಾತುಕತೆಯ ರೆಕಾರ್ಡಿಂಗ್ ಕೇಳಿದರು. ಆಮೇಲೆ, "ಇಲ್ಲ ಅನ್ನಮ್ಮಾ ಅಂತ ಅವಳನ್ನು ಬೇಡಿಕೊಂಡ ಹಾಗಿದೆ ನೀವು ಕೇಳಿದ್ದು" ಅಂದರು.

ಅವಳ ದನಿ ಅವರಿಗೆ ಸರಿ ಕಾಣಲಿಲ್ಲ. ಮಾರನೇ ದಿನ ಅವಳ ಮನೆಗೆ ಹೋಗಿ ಬರಲು ಕ್ಲಾಸ್ ಟೀಚರನ್ನು ಒಪ್ಪಿಸಿದರು. ಸೋಮವಾರ ನಾನೇ ಹೋಗಿ ಮತ್ತೆ ಕೇಳಬೇಕು, ಈ ಸಲ ಸರಿಯಾಗಿ ಕೇಳಬೇಕು ಅಂದರು. ನನಗೆ ಒಂದೇ ಭಯ. ಅವಳಿಗೆ ಏನಾದರೂ ಆದರೆ?

ಅವತ್ತು ಸಂಜೆ ರೂಮಿನಲ್ಲಿ ಪ್ರಾಕ್ಟೀಸ್ ಶುರು ಮಾಡಿದೆ. ಇದನ್ನು ಇಬ್ಬರು ಮಾಡಬೇಕು, ಒಬ್ಬರು ಕೇಳುವವರು, ಇನ್ನೊಬ್ಬರು ಮಗು. ಬೇರೆ ಊರುಗಳಲ್ಲಿ ಇದೇ ಕೆಲಸ ಮಾಡುವವರಿಗೆಲ್ಲ ಜೋಡಿ ಇದೆ. ನನಗಿದ್ದದ್ದು ಅಲ್ಮೆರಾದ ಕನ್ನಡಿ.

ಹಾಗಾಗಿ ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ಸಾಯಬೇಕು ಅನ್ನಿಸುತ್ತಿದೆಯಾ? ಹೌದು, ಅನ್ನಿಸುತ್ತೆ. ಯಾಕೆ? ನಾನು ಇದ್ದೀನೋ ಇಲ್ಲವೋ ಅಂತ ಇಲ್ಲಿ ಯಾರಿಗೂ ಗೊತ್ತಾಗಲ್ಲ...

ಹೀಗೆ ಹತ್ತಿಪ್ಪತ್ತು ಸಲ, ಗಟ್ಟಿಯಾಗಿ. ಗವಾಕ್ಷಿ ನೆನಪೇ ಆಗಲಿಲ್ಲ.

ಮಾರನೇ ಬೆಳಗ್ಗೆ ಚಿಲಕ ಹೋಯಿತು. ಆಮೇಲೆ ಮುದ್ದೆ, ಉಪ್ಸಾರು ಬಂತು. ತಟ್ಟೆ ಖಾಲಿಯಾಗುವವರೆಗೂ ಪುಟ್ಟಮ್ಮಣ್ಣಿ ಕದಲಲಿಲ್ಲ. ಮಧ್ಯಾಹ್ನ ಒಂದು ಮೊರ ಅವರೆಕಾಯಿ ತಂದು ನನ್ನ ಬಾಗಿಲ ಮೆಟ್ಟಿಲ ಮೇಲೆ ಕೂತು ಬಿಡಿಸತೊಡಗಿದರು. ನನಗೋ ಕಿರಿಕಿರಿ. ಪ್ರಾಕ್ಟೀಸ್ ಮಾಡಬೇಕು, ಈ ಯಮ್ಮ ಏಳುತ್ತಿಲ್ಲ. ಕೊನೆಗೆ ನಾನೂ ಪಕ್ಕದಲ್ಲಿ ಕೂತೆ.

ಅಲ್ಲಿಯವರೆಗೂ ನನ್ನನ್ನು ಮೇಡಮ್ಮೋರೇ ಅನ್ನುತ್ತಿದ್ದವರು, ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ ನನ್ನ ಕಣ್ಣನ್ನೇ ನೋಡಿದರು.

"ಸಾಯ್ಬೇಕು ಅನ್ನುಸ್ತದೇನವ್ವ ನಿಂಗೆ?"

ತಡವರಿಸಲಿಲ್ಲ. ದನಿ ತಗ್ಗಿಸಲಿಲ್ಲ. ನಾನು ತಿಂಗಳುಗಟ್ಟಲೆ ಕಲಿಯಲಾಗದ್ದನ್ನು ಅವರು ಉಪ್ಪು ಸಾಕಾ ಅಂತ ಕೇಳುವಷ್ಟು ಸಲೀಸಾಗಿ ಕೇಳಿಬಿಟ್ಟರು.

ನಾನು ಜೋರಾಗಿ ನಕ್ಕೆ. ಗವಾಕ್ಷಿಯಿಂದ ಕೇಳಿಸಿದ್ದು ಕೆಲಸದ ಪ್ರಾಕ್ಟೀಸ್, ಮಗುವಿನ ಪಾರ್ಟೂ ನಾನೇ ಮಾಡುತ್ತಿದ್ದೆ ಅಂತ ಎಲ್ಲ ವಿವರಿಸಿದೆ. ಅವರು ನಗಲಿಲ್ಲ.

"ನೀ ಕೇಳಿದ್ದು ನಾಟ್ಕ ಇರ್ಬೋದು ಬುಡು. ನೀ ಕೊಟ್ಟ ಉತ್ರ ನಾಟ್ಕ ಅಲ್ಲ ಕಣವ್ವ."

ನಗು ಅಲ್ಲೇ ನಿಂತಿತು. ಸಾಯಬೇಕು ಅಂತಿಲ್ಲ ಪುಟ್ಟಮ್ಮಣ್ಣಿ ಅಕ್ಕ, ನಿಜವಾಗಲೂ ಇಲ್ಲ ಅಂದೆ. ಆದರೆ ತುಂಬಾ ಒಂಟಿ ಅನ್ನಿಸುತ್ತೆ ಅಂದೆ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತು.

ಅವರು ಸಮಾಧಾನ ಹೇಳಲಿಲ್ಲ, ಬುದ್ಧಿ ಹೇಳಲಿಲ್ಲ. ಊಂ ಅಂದರು, ಕಾಯಿ ಬಿಡಿಸಿದರು, ಮತ್ತೆ ಊಂ ಅಂದರು. ಎದ್ದು ಮಾತ್ರ ಹೋಗಲಿಲ್ಲ. ಸಂಜೆವರೆಗೂ ನಾನೇ ಮಾತಾಡಿದೆ.

ಸೋಮವಾರ ಗುಂಡ್ಲುಪೇಟೆಯಲ್ಲಿ ಆ ಹುಡುಗಿಯ ಎದುರು ಕೂತಾಗ ಕನ್ನಡಿ ನೆನಪಾಗಲಿಲ್ಲ. ಪುಟ್ಟಮ್ಮಣ್ಣಿಯ ಮುಖ ನೆನಪಾಯಿತು. ಹಾಗೇ ಕೇಳಿದೆ. ಕೇಳಿ, ಬಾಯಿ ಮುಚ್ಚಿಕೊಂಡು ಕಾದೆ.

ತುಂಬಾ ಹೊತ್ತಿನ ಮೇಲೆ ಅವಳು "ಊಂ ಮಿಸ್" ಅಂದಳು.

ಅವತ್ತು ಅವಳನ್ನು ಒಂದು ನಿಮಿಷವೂ ಒಬ್ಬಳೇ ಬಿಡಲಿಲ್ಲ. ಅವಳಮ್ಮ, ಕೌನ್ಸೆಲರ್, ಡಾಕ್ಟರ್ ಎಲ್ಲ ಜೊತೆಗಿದ್ದರು. ಇದಕ್ಕಿಂತ ಹೆಚ್ಚು ಬರೆಯಲಾರೆ, ಉಳಿದದ್ದು ಅವಳದು. ಇಷ್ಟನ್ನು ಬರೆಯಬಹುದು ಅಂತ ಅವಳೂ ಅವಳಮ್ಮನೂ ಹೇಳಿದ್ದಾರೆ. ಈಗ ಮತ್ತೆ ಶಾಲೆಗೆ ಬರುತ್ತಿದ್ದಾಳೆ. ಮೊನ್ನೆ ನನ್ನ ಬ್ಯಾಗು ಹಳೇದಾಯ್ತು ಅಂತ ರೇಗಿಸಿದಳು.

ನನ್ನ ಒಂಟಿತನ ಹೋಯಿತು ಅಂತ ಸುಳ್ಳು ಹೇಳಲ್ಲ. ಬಸ್ಸಿನಿಂದ ಇಳಿಯಲು ಈಗಲೂ ಮನಸ್ಸಾಗುವುದಿಲ್ಲ. ನೀರು ಬಂತಾ, ಕರೆಂಟ್ ಹೋಯ್ತಾ ಕೂಡ ಹಾಗೇ ನಡೆದಿದೆ.

ಹೊಸ ಚಿಲಕ ಇನ್ನೂ ಬಂದಿಲ್ಲ. ನಾನೂ ಕೇಳಿಲ್ಲ.

ನಿಮ್ಮ ಕಣ್ಣನ್ನೇ ನೋಡಿ ಹೇಗಿದ್ದೀಯಾ ಅಂತ ಕೇಳಿ, ಉತ್ತರ ಬರುವವರೆಗೂ ಯಾರಾದರೂ ಕಾದು ಎಷ್ಟು ದಿನ ಆಯ್ತು?