ಅವಲಕ್ಕಿ ಗಿರಣಿಗೆ ನಾನೇ ಜಾಮೀನು

ಶಿಕಾರಿಪುರಕ್ಕೆ ಬಂದ ಮೊದಲ ದಿನವೇ ಗುರುತುಪರಿಚಯವಿಲ್ಲದ ಮೂವರು ಸಾಹುಕಾರರು ನೇರ ಅಡಿಗೆಮನೆ ಬಾಗಿಲಿಗೆ ಬಂದು, ನನ್ನ ಒಲೆ ಉರಿಯುತ್ತಿದೆಯೇ ಎಂದು ಇಣುಕಿದರು. "ಹೂಂ, ಹೊಗೆ ಎದ್ದೈತಿ," ಎಂದು ಹಿರಿಯರಾದ ಮಲ್ಲೇಶಪ್ಪನವರು ತಲೆಯಾಡಿಸಿದರು. ನಮ್ಮ ಸೊರಬದ ಕಡೆ ಹೀಗೆ ಇಣುಕಿದ್ದರೆ ನನ್ನ ಅತ್ತೆ ಸೌಟಿನಲ್ಲೇ ಮಾತಾಡಿಸುತ್ತಿದ್ದರು!

ಸಂಗತಿ ಆಮೇಲೆ ತಿಳಿಯಿತು. ಆಗ ರಾಜ್ಯ ಒಂದಾದ ಹೊಸತು. ಎಲ್ಲರ ಬಾಯಲ್ಲೂ ಗಿರಣಿ, ಎಂಜಿನ್ನು. ಈ ಮೂವರೂ ಸೇರಿ ಹೊಸ ಉದ್ಯೋಗ ಹಿಡಿದವರಿಗೆ ಬಂಡವಾಳ ಹಾಕುತ್ತಿದ್ದರು. ಸಾಲವಲ್ಲ, ಪಾಲು, ಮುಳುಗಿದರೆ ಅವರದೂ ಮುಳುಗಿತು. ಅವಲಕ್ಕಿ ಗಿರಣಿ ಹಾಕಹೊರಟ ನಮ್ಮವರಿಗೆ ಮೊದಲು ಒಂದು ಹಳೆಯ ಎಂಜಿನ್ನು. ಕೆಲಸ ನೋಡಿ ಮುಂದೆ ಹೊಸದು. ಷರತ್ತು ಒಂದೇ, ಸಂಸಾರ ಇಲ್ಲಿಗೇ ಬರಬೇಕು. ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದವನ ಕಾಲು ಬಸ್‌ಸ್ಟ್ಯಾಂಡಿನಲ್ಲೇ ಇರುತ್ತದಂತೆ.

ಸರಿ, ಬಂದೆ. ಸೊರಬದ ಕಡೆ ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಇಲ್ಲಿ ಗಂಗಾಳದಲ್ಲಿ, ಅಂದರೆ ಅಂಚೆತ್ತಿದ ಊಟದ ತಟ್ಟೆಯಲ್ಲಿ, ಜೋಳದ ರೊಟ್ಟಿ. ನಾನು ತಟ್ಟಿದ ಮೊದಲನೆಯದನ್ನು ನೋಡಿ ಪಕ್ಕದ ಮನೆ ಗೌರಮ್ಮ, "ಇದೇನ್ರೀ, ಹಂಚಿಗೆ ತೇಪೆ ಹಾಕೀರೇನು?" ಎಂದು ನಕ್ಕರು. ಬರಬರುತ್ತಾ ಕಲಿತೆ. ಅವರು ಹೊಗಳಿದ ದಿನ ಬೀಗಿದೆ, ಸುಳ್ಳೇಕೆ ಹೇಳಲಿ. ಆದರೂ ಮಧ್ಯಾಹ್ನಗಳಲ್ಲಿ ಮಾತಿಗೆ ಜನವಿಲ್ಲದೆ ಗೋಡೆ ನೋಡುತ್ತಾ ಕೂರುತ್ತಿದ್ದೆ.

ಬಸುರಿಯಾದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಅಲ್ಲವೇ? ಕುಪ್ಪಗಡ್ಡೆಯಿಂದ ಅಪ್ಪ ಕರೆಯಲು ಬಂದ ದಿನ ಮಲ್ಲೇಶಪ್ಪನವರೂ ಬಂದು ಕೂತರು.

"ಕಳಿಸಬ್ಯಾಡ್ರಿ ಅನ್ನಲ್ಲ ರೀ. ಆದ್ರೆ ತಂಗಿ ಹೋದ್ರೆ ಇವರೂ ವಾರಕ್ಕೊಂದ್ಸಲ ಅಲ್ಲೇ ಇರ್ತಾರೆ. ಸುಗ್ಗ್ಯಾಗೆ ಗಿರಣಿ ನಿಂತ್ರೆ ಹೊಸ ಎಂಜಿನ್ನಿನ ಮಾತು ನಾ ಹೆಂಗೆ ಎತ್ಲಿ?"

ಅಪ್ಪ ನಮ್ಮವರ ಮುಖ ನೋಡಿದರು. ನಮ್ಮವರು ನೆಲ ನೋಡಿದರು. "ನಾ ಎಂತ ಹೇಳೋದು, ಕೊಟ್ಟ ಹುಡುಗಿ ನಿಮ್ಮನೆಯೋಳು," ಎಂದ ಅಪ್ಪ ಒಬ್ಬರೇ ಬಸ್ಸು ಹತ್ತಿದರು. ನನ್ನನ್ನು ಯಾರೂ ಕೇಳಲಿಲ್ಲ. ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ.

ಮಗು ಶಿಕಾರಿಪುರದಲ್ಲೇ ಹುಟ್ಟಿತು. ಅಮ್ಮನೇ ಬಂದು ಬಾಣಂತನ ಮಾಡಿದಳು. ನಾಮಕರಣದ ದಿನ ಮಲ್ಲೇಶಪ್ಪನವರು ಮಗುವನ್ನೆತ್ತಿಕೊಂಡು, "ನಮ್ಮೂರಾಗೆ ಹುಟ್ಟಿದ ಕೂಸು. ಇನ್ನ ನೀವು ಎಲ್ಲಿಗೂ ಹೋಗಲ್ಲ ಬಿಡ್ರಿ," ಎಂದು ನಕ್ಕು, ಹೊಸ ಎಂಜಿನ್ನಿಗೆ ಅಲ್ಲೇ ಒಪ್ಪಿಗೆ ಕೊಟ್ಟರು. ನಮ್ಮವರ ಕಣ್ಣು ತುಂಬಿತು. ಅವರ ಸಂತೋಷ ನನ್ನದೂ ಹೌದು.

ಹೊರಡುವಾಗ ಅಮ್ಮ ಮಗುವಿನ ತಲೆ ಸವರಿ, "ಇದಕ್ಕೆ ನಮ್ಮೂರು ನೆಂಟರ ಮನೆ ಆಯ್ತಲ್ಲೇ," ಎಂದಳು. ನನಗೂ ಹಾಗೇ ಆಯ್ತಮ್ಮಾ ಎಂದು ಮನಸ್ಸಿನಲ್ಲೇ ಅಂದುಕೊಂಡು, ಅವಳ ದಾರಿಗೆ ಎರಡು ಜೋಳದ ರೊಟ್ಟಿ ಕಟ್ಟಿಕೊಟ್ಟೆ.