ಗೋಡೆಯಾಚೆ ನಡೆದ ಸಿನಿಮಾ

ಆಗ ನಮ್ಮ ಗೊಬ್ಬೂರಿನಲ್ಲಿ ಸಿನಿಮಾ ನೋಡಿ ಬಂದವರಿಗೆ ಮದುವೆ ಊಟ ಉಂಡು ಬಂದವರಿಗಿಂತ ಹೆಚ್ಚು ಬೆಲೆಯಿತ್ತು. ಮನೆಗಳಿಗೆ ಟೀವಿ ಬಂದಿದ್ದವು, ಆದರೆ ಬೇಸಿಗೆಯಲ್ಲಿ ಕರೆಂಟ್ ಇರುತ್ತಿರಲಿಲ್ಲ. ಯಾರಾದರೂ ಕಲಬುರ್ಗಿಗೋ ಜೇವರ್ಗಿಗೋ ಹೋಗಿ ಸಿನಿಮಾ ನೋಡಿದರೆಂದು ಗೊತ್ತಾದರೆ ಸಾಕು, ಮರುದಿನ ಮಧ್ಯಾಹ್ನ ಅವರನ್ನು ಹಿಡಿದು ತಂದು ನಮ್ಮ ಪಡಸಾಲೆಯಲ್ಲಿ ಕೂಡಿಸುತ್ತಿದ್ದೆವು. ಹಾಡು ಬಂದರೆ ಹಾಡಬೇಕು, ಫೈಟಿಂಗ್ ಬಂದರೆ ಬಾಯಲ್ಲೇ ಢಿಶುಂ ಢಿಶುಂ ಅನ್ನಬೇಕು. ಕತೆ ಮುಗಿದ ಮೇಲೆ ನಾವು ಹತ್ತಕ್ಕೆ ಎಷ್ಟು ಎಂದು ಅಂಕ ಕೊಡುತ್ತಿದ್ದೆವು.

ನಮ್ಮ ಅಣ್ಣ ಬಸು ಅಂಕ ಕೊಡುವುದರಲ್ಲಿ ಮಹಾ ಜಿಪುಣ. "ಹೀರೋ ಅಳ್ತಾನ, ಮೂರು." "ವಿಲನ್ ಜಲ್ದಿ ಸತ್ತ, ನಾಕು." ಆದರೆ ಜೇವರ್ಗಿಯ ಕಲಾವತಿ ಹೇಳಿದ ಸಿನಿಮಾಗಳಿಗೆ ಅವನೂ ಎಂಟಕ್ಕಿಂತ ಕಡಿಮೆ ಕೊಟ್ಟಿದ್ದಿಲ್ಲ.

ಕಲಾವತಿ ನಮ್ಮ ಅತ್ತೆಯ ಮಗಳು, ನನಗಿಂತ ಮೂರು ವರ್ಷ ದೊಡ್ಡವಳು. ಜೇವರ್ಗಿಯಲ್ಲಿ ಅವರ ಮನೆ ಒಂದು ಹಳೇ ಟಾಕೀಜಿಗೆ ಅಂಟಿಕೊಂಡಿತ್ತು. ಸಿನಿಮಾದ ಪಕ್ಕದಲ್ಲೇ ಹುಟ್ಟಿ ಬೆಳೆದವಳು ಎಂದು ನಮಗೆಲ್ಲ ಅವಳ ಮೇಲೆ ಹೊಟ್ಟೆಕಿಚ್ಚು. ಪ್ರತಿ ಬೇಸಿಗೆಗೂ ಅವಳು ಬರುತ್ತಿದ್ದಳು, ಒಂದು ವರ್ಷದ ಸಿನಿಮಾಗಳನ್ನು ತಲೆಯಲ್ಲಿ ತುಂಬಿಕೊಂಡು. ಅವಳು ಕತೆ ಹೇಳುವ ರೀತಿಯೇ ಬೇರೆ. ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಬಾಗಿಲು ಕಿರ್ರೆಂದದ್ದು, ಯಾರೋ ಮೆಟ್ಟಿಲು ಹತ್ತಿದ್ದು, ಬಳೆ ಸದ್ದಾಗಿದ್ದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಳು. "ಹೀರೋಯಿನ್ ಸೀರೆ ಯಾವ ಬಣ್ಣದ್ದು?" ಎಂದು ನಾನು ಕೇಳಿದರೆ ಮಾತ್ರ ಸ್ವಲ್ಪ ತಡೆದು, "ಗುಲಾಬಿ ಅಂತ ತಿಳ್ಕೊ" ಎನ್ನುತ್ತಿದ್ದಳು.

ನಾನು ಐದನೇ ಇಯತ್ತೆ ಮುಗಿಸಿದ ಬೇಸಿಗೆ ಅದು. ಬಿಸಿಲು ಎಷ್ಟಿತ್ತೆಂದರೆ ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಕಾಣುತ್ತಿರಲಿಲ್ಲ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ಮುಚ್ಚಿದರೆ ಒಳಗೆ ತಂಪು ಕತ್ತಲೆ. ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಮಾತ್ರ ನೆಲಕ್ಕೆ ಬೀಳುತ್ತಿತ್ತು, ಅದರಲ್ಲಿ ಧೂಳು ತೇಲುತ್ತಿತ್ತು. ಕಲಾವತಿ ಯಾವಾಗಲೂ ಆ ಬಿಸಿಲಕೋಲಿನ ಆಚೆ ಕೂಡುತ್ತಿದ್ದಳು. ನಾವು ಈಚೆ ಕೂತು ಹುರಿದ ಶೇಂಗಾ ತಿನ್ನುತ್ತ ಕೇಳುತ್ತಿದ್ದೆವು. ಮೂಲೆಯಲ್ಲಿ ನಮ್ಮ ಆಯಿ, ಅಂದರೆ ಅಜ್ಜಿ, ಮೊರದಲ್ಲಿ ಜೋಳ ಕೇರುತ್ತ ಇರುತ್ತಿದ್ದಳು. ನಮ್ಮ ಸಿನಿಮಾಗಳಿಗೆ ಅವಳು ಎಂದೂ ಕಿವಿಗೊಟ್ಟವಳಲ್ಲ.

ಆ ಸಲ ಕಲಾವತಿ ಸೊರಗಿ ಬಂದಿದ್ದಳು. ಬಂದ ದಿನ ಸಿನಿಮಾ ಹೇಳೆಂದರೆ ಬೇಡವೆಂದಳು. ಮರುದಿನ ಬಸು ಬಿಡಲಿಲ್ಲ.

"ಒಂದೇ ಒಂದು ಅದ," ಎಂದಳು. "ಆದ್ರ ಅದರಾಗ ಹಾಡಿಲ್ಲ, ಫೈಟಿಂಗ್ ಇಲ್ಲ."

"ಹೇಳು, ನೋಡೂಣು," ಎಂದ ಬಸು.

ಕಲಾವತಿ ಕಣ್ಣು ಮುಚ್ಚಿದಳು. ಒಂದು ಹಳ್ಳಿಯ ಮನೆ. ಗಂಡ ಬಿಟ್ಟನೆಂದು ತವರಿಗೆ ಬಂದು ಕೂತ ಒಬ್ಬ ಹೆಣ್ಣುಮಗಳು. ಮಾವಿನ ಹೋಳುಗಳಿಗೆ ಖಾರ ಹಚ್ಚಿದ ಹಾಗೆ ಎಲ್ಲರೂ ಅವಳ ಬದುಕಿಗೆ ಒಂದೊಂದು ಮಾತು ಹಚ್ಚುವವರೇ. ಅವಳ ಅಣ್ಣನ ಹೆಂಡತಿಯೊಬ್ಬಳು ಮಾತ್ರ ಅವಳಿಗೆ ಜೀವ. ಆ ವೈನಿ, ಅಂದರೆ ಅಣ್ಣನ ಹೆಂಡತಿ, ಬಸುರಿ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದಾಗ ಬಸುರಿ ಅವಳ ಕಿವಿಯಲ್ಲಿ ಪಿಸುಗುಟ್ಟುತ್ತಾಳೆ, ಮಾವಿನಕಾಯಿ ತಿನ್ನಬೇಕೆನಿಸಿದೆ, ಯಾರಿಗೂ ಹೇಳಬೇಡ. ಹೊಲದ ಬಾವಿಯ ಮೇಲೆ ಬಾಗಿದ ಒಂದು ಮಾವಿನಮರವಿದೆ. ಇವಳು ನಕ್ಕು ಎದ್ದು ನಿಲ್ಲುತ್ತಾಳೆ.

ಅಲ್ಲಿ ಕಲಾವತಿಯ ದನಿ ಬದಲಾಯಿತು. ಅಷ್ಟು ಹೊತ್ತು ಅವಳದೇ ದನಿ ಇತ್ತು. ಈಗ ಬಂದದ್ದು ಬೇರೆ ಯಾರದೋ, ಬೆಳೆದ ಹೆಂಗಸಿನದು, ಮೂಗಿನಿಂದ ತುಸು ಹೊರಡುವಂಥದು.

"ವೈನಿ, ಉಪ್ಪು ಖಾರ ಕಲಸಿಡ್ರಿ. ಇಕಾ, ಬಂದೇಬಿಟ್ಟೆ."

ಮೂಲೆಯಲ್ಲಿ ಮೊರದ ಸದ್ದು ನಿಂತಿತು. ನಾನು ತಿರುಗಿ ನೋಡಿದೆ. ಆಯಿಯ ಕೈಯಲ್ಲಿ ಮೊರ ಹಾಗೇ ಇತ್ತು, ಜೋಳ ಒಂದು ಕಡೆಯಿಂದ ನೆಲಕ್ಕೆ ಸುರಿಯುತ್ತಿತ್ತು, ಅವಳಿಗೆ ಅದು ಗೊತ್ತಿರಲಿಲ್ಲ.

"ಈಗ ಇಂಟರ್ವಲ್," ಎಂದು ಕಲಾವತಿ ಕಣ್ಣು ಬಿಟ್ಟಳು. ಅವಳ ಮುಖದ ಮೇಲೆ ಬೆವರು ಹರಿಯುತ್ತಿತ್ತು. ಎಷ್ಟು ಕಾಡಿದರೂ ಅಂದು ಮುಂದೆ ಹೇಳಲಿಲ್ಲ.

ಅಂದು ಆಯಿ ಊಟ ಮಾಡಲಿಲ್ಲ. ಮರುದಿನ ಮಧ್ಯಾಹ್ನ ನಾವು ಕೂಡುವ ಮೊದಲೇ ಬಂದು ನಮ್ಮ ಸಾಲಿನಲ್ಲೇ ಕೂತಿದ್ದಳು. ಮೊರ ತಂದಿರಲಿಲ್ಲ. ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

"ಆಕಿ ಮಾರಿ ಹ್ಯಾಂಗಿತ್ತು ಹೇಳು," ಎಂದು ಸಿನಿಮಾದ ಹೆಣ್ಣುಮಗಳ ಮುಖದ ಬಗ್ಗೆ ಕಲಾವತಿಯನ್ನು ಕೇಳಿದಳು.

"ಮಾರಿ ಕಾಣ್ಲಿಲ್ಲ ಆಯಿ."

"ಸಿನಿಮಾ ನೋಡೀನಿ ಅಂತಿ, ಮಾರಿ ಕಾಣ್ಲಿಲ್ಲ ಅಂತಿ."

ಕಲಾವತಿ ಕಣ್ಣು ಮುಚ್ಚಿಕೊಂಡು ಉಳಿದ ಕತೆ ಶುರು ಮಾಡಿದಳು. ಒಣ ಹುಲ್ಲಿನ ಮೇಲೆ ಹೆಜ್ಜೆ. ದೂರದಲ್ಲಿ ಒಂದು ಹೊಲದ ಹಕ್ಕಿ ಒಂದೇ ಸಮನೆ ಕೂಗುವುದು. ಬಾವಿಯ ಕಲ್ಲು ಹತ್ತುವಾಗ ಸೀರೆ ಎಲ್ಲಿಯೋ ಸಿಕ್ಕಿ ಪರ್ರೆಂದದ್ದು. ಮರ ಹತ್ತುತ್ತ ಆಕೆ ಒಬ್ಬಳೇ ಗುನುಗಿಕೊಳ್ಳುವುದು. ಒಂದು ಕಾಯಿ ಕಿತ್ತು ಕೆಳಗೆ ಎಸೆದ ಸದ್ದು. ಇನ್ನೊಂದು. ನಾವ್ಯಾರೂ ಶೇಂಗಾಕ್ಕೆ ಕೈ ಹಾಕಿರಲಿಲ್ಲ.

"ಆಮ್ಯಾಲ ಟೊಂಗಿ ಮುರೀತು," ಎಂದಳು ಕಲಾವತಿ. "ಆಮ್ಯಾಲ ನೀರು."

ಆಯಿ ಮೊಣಕಾಲೂರಿ ಮುಂದೆ ಸರಿದು ಅವಳ ಎರಡೂ ತೋಳು ಹಿಡಿದಳು. ಬಿಸಿಲಕೋಲು ಆಯಿಯ ಬೆನ್ನ ಮೇಲೆ ಬಿದ್ದಿತ್ತು.

"ಸರಿಯಾಗಿ ಹೇಳು ಯವ್ವಾ. ಮೊದಲ ಯಾವುದು ಕೇಳಿಸ್ತು? ಟೊಂಗಿನೋ, ನೀರೋ?"

"ಟೊಂಗಿ. ಮೊದಲ ಟೊಂಗಿ. ಆಕಿ 'ಅಯ್ಯ' ಅಂದ್ಲು. ಆಮ್ಯಾಲ ನೀರು."

"ಹಂಗಾದ್ರ ಜಿಗೀಲಿಲ್ಲ."

"ಇಲ್ಲ ಆಯಿ. ಜಿಗೀಲಿಲ್ಲ."

ಆಯಿ ಅವಳ ತೋಳು ಬಿಟ್ಟು ನೆಲಕ್ಕೆ ಕೂತಳು. ಅಳು ಬರುವ ಮೊದಲು ಮನುಷ್ಯರು ಉಸಿರನ್ನು ಹಾಗೆ ಒಳಗೆಳೆಯುತ್ತಾರೆ ಎಂದು ನಾನು ಮೊದಲ ಸಲ ನೋಡಿದೆ. ಬಸು ನನ್ನ ಕೈ ಹಿಡಿದುಕೊಂಡ. ಅದೊಂದೇ ಸಿನಿಮಾಕ್ಕೆ ನಾವು ಅಂಕ ಕೊಡಲಿಲ್ಲ.

ನಮ್ಮ ಮುತ್ಯಾ, ಅಂದರೆ ಅಜ್ಜ, ಹೊಲದಿಂದ ಸಂಜೆ ಬಂದ. ಕಾಲು ತೊಳೆಯಲು ನೀರು ಕೊಡುತ್ತಲೇ ಆಯಿ ಹೇಳಿದಳು, "ಗಂಗಾ ಜಿಗೀಲಿಲ್ಲ."

ಆ ಹೆಸರನ್ನು ನಾನು ಅದುವರೆಗೆ ನಮ್ಮ ಮನೆಯಲ್ಲಿ ಕೇಳಿರಲೇ ಇಲ್ಲ. ಮುತ್ಯಾಗೆ ಒಬ್ಬ ತಂಗಿ ಇದ್ದಳೆಂಬುದೂ ಗೊತ್ತಿರಲಿಲ್ಲ. ಗಂಡ ಬಿಟ್ಟ ಹೆಂಗಸು ಬಾವಿಗೆ ಹಾರಿ ಮನೆತನದ ಮರ್ಯಾದೆ ಕಳೆದಳೆಂದು ಮುತ್ಯಾನ ತಾಯಿ ಆ ಹೆಸರನ್ನೇ ಹುಗಿದುಬಿಟ್ಟಿದ್ದಳಂತೆ. ಹಿರಿಯರ ಪೂಜೆಯಲ್ಲಿ ಅವಳಿಗೆ ಎಡೆ ಇಲ್ಲ, ಸೀರೆ ಇಲ್ಲ. ತಾಯಿ ಸತ್ತ ಮೇಲೂ ಮುತ್ಯಾ ಆ ಮಾತನ್ನು ಮುರಿದಿರಲಿಲ್ಲ.

"ಯಾರ್ ಹೇಳಿದ್ರು ನಿನಗ?" ಎಂದ ಮುತ್ಯಾ. ತಂಬಿಗೆ ಕೆಳಗಿಟ್ಟಿದ್ದ.

"ಮಾವಿನಕಾಯಿ ನಾನೇ ಕೇಳಿದ್ದೆ," ಎಂದಳು ಆಯಿ. "ನನಗಂತ ಹೋಗಿದ್ಲು. ಇವನು ಹೊಟ್ಟ್ಯಾಗ ಇದ್ದ." ಬಾಗಿಲಲ್ಲಿ ನಿಂತಿದ್ದ ನಮ್ಮ ಅಪ್ಪನ ಕಡೆ ಕೈ ತೋರಿದಳು. "ಹೇಳಿದ್ರ ನಿಮ್ಮವ್ವ ಏನಂತಿದ್ಲು? ಹೊಟ್ಟ್ಯಾಗಿನ ಕೂಸು ಅತ್ತೀನ ತಿಂತು ಅಂತಿದ್ಲು. ಹುಟ್ಟೂ ಮೊದಲ ನನ್ನ ಕೂಸಿಗಿ ಆ ಹೆಸರು ಬರ್ತಿತ್ತು. ಅದಕ್ಕ ಸುಮ್ಮನಾದೆ. ಆದ್ರ ನನಗೂ ಗೊತ್ತಿದ್ದಿಲ್ರಿ, ಕಾಯಿ ಹರಿಲಾಕ ಹೋದಾಕಿ ಬಾವಿ ನೋಡಿ ಮನಸು ಬದಲು ಮಾಡಿದ್ಲೇನೋ ಅಂತ ನನಗೂ ಒಳಗ ಇತ್ತು. ಇವತ್ತು ತಿಳೀತು."

ಮುತ್ಯಾ ಒದ್ದೆ ಕಾಲಲ್ಲೇ ಚಪ್ಪಲಿ ಮೆಟ್ಟದೆ ಹೊಲದ ದಾರಿ ಹಿಡಿದ. ಅಪ್ಪ ಹಿಂದೆ ಹೋದ. ಬಾವಿಯ ಕಲ್ಲಿನ ಮೇಲೆ ಕೂತು ಮುತ್ಯಾ, "ಗಂಗವ್ವಾ, ಮನಿಗಿ ಬಾರ," ಎಂದು ಕರೆದನಂತೆ, ಯಾರನ್ನೋ ಊಟಕ್ಕೆ ಕರೆದ ಹಾಗೆ. ಅಪ್ಪ ಅದನ್ನು ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ.

ಮುಂದಿನ ಅಮಾವಾಸ್ಯೆಗೆ ದೇವರ ಮುಂದೆ ಒಂದು ಹೊಸ ಹಸಿರು ಸೀರೆ ಇಟ್ಟರು. ಎಡೆಯಲ್ಲಿ ಹೋಳಿಗೆಯ ಪಕ್ಕ ಉಪ್ಪು ಖಾರ ಹಚ್ಚಿದ ಮಾವಿನ ಹೋಳುಗಳಿದ್ದವು. ಆಯಿ ಕಲಾವತಿಯನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, "ಮತ್ತೇನರ ಅಂದ್ಲೇನು ಆಕಿ?" ಎಂದು ಕೇಳಿದ್ದು ನನಗೆ ಕೇಳಿಸಿತು.

"ಸಿನಿಮಾ ಮುಗೀತು ಆಯಿ," ಎಂದಳು ಕಲಾವತಿ.

ನನಗೆ ಮಾತ್ರ ಆ ಸಿನಿಮಾ ಕಣ್ಣಾರೆ ನೋಡಲೇಬೇಕಿತ್ತು. ರಜೆ ಮುಗಿಯುವ ಹೊತ್ತಿಗೆ ಕಲಾವತಿಯನ್ನು ಬಿಡಲು ಅಪ್ಪ ಜೇವರ್ಗಿಗೆ ಹೊರಟಾಗ ಹಟ ಮಾಡಿ ನಾನೂ ಹೋದೆ. ಬಸ್ಸಿಳಿದು, ಹೆದ್ದಾರಿಯ ಲಾರಿಗಳ ಧೂಳಿನಲ್ಲಿ ನಡೆದು ಅತ್ತೆಯ ಮನೆ ಮುಟ್ಟಿದರೆ, ಟಾಕೀಜಿನ ಬಾಗಿಲಿಗೆ ತುಕ್ಕು ಹಿಡಿದ ಬೀಗ. ಪೋಸ್ಟರಿನ ಹಲಗೆಗಳು ಬರಿದಾಗಿದ್ದವು.

"ಯಾವ ಸಿನಿಮಾ ಹುಡುಗಿ?" ಎಂದು ಅತ್ತೆ ನಕ್ಕಳು. "ದೀಪಾವಳಿ ಮುಂದ ಬಂದ್ ಮಾಡ್ಯಾರ. ಈಗ ಒಳಗ ತೊಗರಿ ಚೀಲ ಒಟ್ಟ್ಯಾರ, ಗೋಡೌನ್."

ನಾನು ಕಲಾವತಿಯ ಕಡೆ ನೋಡಿದೆ. ಅವಳು ನನ್ನ ಕೈ ಹಿಡಿದು ಒಳಕೋಣೆಗೆ ಕರೆದೊಯ್ದಳು. ಅಲ್ಲಿ ಅವಳ ಹಾಸಿಗೆ, ಹಾಸಿಗೆಗೆ ತಾಗಿ ಟಾಕೀಜಿನ ಗೋಡೆ. ತಲೆ ಮಟ್ಟದಲ್ಲಿ ಸುಣ್ಣ ಸವೆದು ಎಣ್ಣೆಯ ಕಲೆಯಾಗಿತ್ತು.

"ನಾ ಒಂದು ಸಿನಿಮಾನೂ ನೋಡಿಲ್ಲ ಶೈಲಾ," ಎಂದಳು. "ಅಪ್ಪ ಒಳಗ ಬಿಡ್ತಿದ್ದಿಲ್ಲ. ಇಲ್ಲಿ ಕಿವಿ ಇಟ್ಟು ಕೇಳ್ತಿದ್ದೆ. ಬಣ್ಣ ಎಲ್ಲಾ ನಾನೇ ಹಾಕ್ತಿದ್ದೆ."

"ಬಂದ್ ಆದ ಮ್ಯಾಲ?"

"ಬಂದ್ ಆದ ಮ್ಯಾಲ ಅದೊಂದೇ ಕೇಳಿಸ್ತು. ಮಧ್ಯಾಹ್ನ. ದಿನಾ ಅದೇ."

ಅವಳು ಗೋಡೆಗೆ ಕಿವಿ ಇಡು ಎಂದಳು. ಇಟ್ಟೆ. ಗೋಡೆ ಬಿಸಿಯಾಗಿತ್ತು, ತೊಗರಿಯ ಒಣ ವಾಸನೆ ಬರುತ್ತಿತ್ತು. ಮೊದಲು ಏನೂ ಇರಲಿಲ್ಲ. ಆಮೇಲೆ ಮೆಲ್ಲಗೆ, ದೂರದಲ್ಲಿ, ಒಬ್ಬರು ಕೆಮ್ಮಿದರು. ಯಾವುದೋ ಕೂಸು ಕುಂಯ್ ಎಂದಿತು, ಯಾರೋ ಅದನ್ನು ಶ್ಶ್ ಎಂದು ಸುಮ್ಮನಾಗಿಸಿದರು. ಕುರ್ಚಿಗಳು ಕಿರುಗುಟ್ಟಿದವು. ಬಹಳ ಜನ ಒಟ್ಟಿಗೆ ಕೂತು, ದೀಪ ಆರುವುದನ್ನೇ ಕಾಯುವಾಗ ಆಗುವ ಸದ್ದು ಅದು. ಚೀಲಗಳ ನಡುವೆ ಇಲಿಗಳು ಓಡಾಡಿದವೆಂದು ದೊಡ್ಡವಳಾದ ಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಇಲಿಗಳು ಕೂಸನ್ನು ಸುಮ್ಮನಾಗಿಸುವುದಿಲ್ಲ. ನಾನು ಚೀರಿ ಹೊರಗೋಡಿದೆ. ಅಪ್ಪನ ಹೆಗಲ ಮೇಲೆ ಮುಖವಿಟ್ಟವಳು ಬಸ್ಸು ಹತ್ತುವವರೆಗೂ ತೆಗೆಯಲಿಲ್ಲ.

ವಿಷಯ ತಿಳಿದ ಅತ್ತೆ ಮಗಳಿಗೆ ದರ್ಗಾದಿಂದ ತಾಯತ ತಂದು ಕಟ್ಟಿಸಿದಳು, ಹಾಸಿಗೆಯನ್ನು ಬೇರೆ ಕೋಣೆಗೆ ಹಾಕಿಸಿದಳು. ವರ್ಷದೊಳಗೆ ಅವರು ಆ ಮನೆಯನ್ನೇ ಬಿಟ್ಟರು. ಕಲಾವತಿ ಮತ್ತೆಂದೂ ನಮಗೆ ಸಿನಿಮಾ ಹೇಳಲಿಲ್ಲ. ಈಗ ಅವಳು ಆಳಂದದಲ್ಲಿ ನರ್ಸ್. ನಾನು ಕಲಬುರ್ಗಿಯಲ್ಲಿ ವಕೀಲಿ ಮಾಡುತ್ತೇನೆ. ಮುತ್ಯಾ, ಆಯಿ ಇಬ್ಬರೂ ಇಲ್ಲ. ಟಾಕೀಜು ಕೆಡವಿ ಅಂಗಡಿಗಳ ಸಾಲು ಕಟ್ಟಿದ್ದಾರೆ.

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಇಂದಿಗೂ ಸಿನಿಮಾ ಮಾತು ನಡೆಯುತ್ತದೆ. ಮಕ್ಕಳು ನೋಡುತ್ತಲೇ ನಕ್ಷತ್ರ ಹಾಕುತ್ತಾರೆ: ಮೂರೂವರೆ, ಎರಡು, 'ಟೈಮ್ ವೇಸ್ಟ್'. ಕತೆ ಏನೆಂದು ಯಾರೂ ಬರೆಯುವುದಿಲ್ಲ, ಬರೆದರೆ ಬೈಯುತ್ತಾರೆ. ಒಬ್ಬೊಬ್ಬರೂ ಒಂದೊಂದು ಕೋಣೆಯಲ್ಲಿ, ಕಿವಿಗೆ ವೈರು ಸಿಕ್ಕಿಸಿಕೊಂಡು ನೋಡಿದ ಸಿನಿಮಾಗಳವು. ಒಬ್ಬರು ನೋಡಿದ್ದು ಇನ್ನೊಬ್ಬರ ಎದೆಗೆ ಬಂದು ಬೀಳುವ ದಾರಿ ಉಳಿದಿಲ್ಲ.

ಹೋದ ತಿಂಗಳು ಮಗಳಿಗೆ ಈ ಕತೆಯನ್ನೆಲ್ಲ ಹೇಳಿದೆ. ಮೊದಲಿನಿಂದ ಕೊನೆಯವರೆಗೆ ಸುಮ್ಮನೆ ಕೇಳಿ, ಫೋನು ಕೈಗೆತ್ತಿಕೊಂಡು, "ಹೆಸರೇನು ಆ ಸಿನಿಮಾದ್ದು? ಹುಡುಕ್ತೀನಿ," ಎಂದಳು.

ನಾವ್ಯಾರೂ ಅದನ್ನು ಕೇಳಿಯೇ ಇರಲಿಲ್ಲ. ಅಲ್ಲಿಂದಲೇ ಕಲಾವತಿಗೆ ಫೋನ್ ಮಾಡಿದೆ. ಅಷ್ಟು ವರ್ಷಗಳ ಮೇಲೆ ಆ ಮಾತು ತೆಗೆದದ್ದಕ್ಕೆ ಅವಳು ಬೆರಗಾಗಲಿಲ್ಲ. ಡ್ಯೂಟಿಯಲ್ಲಿದ್ದಳೇನೋ, ಹಿಂದೆ ಯಾರೋ ಕೆಮ್ಮುತ್ತಿದ್ದರು.

"ಹೆಸರು ಪರದೆ ಮ್ಯಾಲ ತೋರಸ್ತಾರ ಶೈಲಾ, ಬಾಯಿಲೆ ಹೇಳಂಗಿಲ್ಲ," ಎಂದಳು. "ಉಳಿದವಕ್ಕ ಹೊರಗ ಪೋಸ್ಟರ್ ಇರ್ತಿದ್ವು, ಓದ್ಕೊಂಡು ಹೇಳ್ತಿದ್ದೆ. ಅದಕ್ಕ ಪೋಸ್ಟರ್ ಎಲ್ಲಿತ್ತು?"

ಮಗಳು ಇನ್ನೂ ಕಾಯುತ್ತಿದ್ದಳು, ಹುಡುಕುವ ಖಾನೆಯ ಮೇಲೆ ಬೆರಳಿಟ್ಟುಕೊಂಡು.

"ಹೆಸರಿಲ್ಲ," ಎಂದೆ.

"ಹಂಗಾದ್ರ ಸಿಗಂಗಿಲ್ಲವ್ವ," ಎಂದು ಅವಳು ಫೋನು ಕೆಳಗಿಟ್ಟಳು.